ಬೀಗರ ಮುಂದಿಟ್ಟ ಕರಿ ಚಾ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವಳು ನನ್ನ ಸೋದರತ್ತೆ ಗುರಮ್ಮ. ಅಪ್ಪನ ಅಕ್ಕ. ಹಗೆಯಿಂದ ಆಡಿದ ಮಾತಲ್ಲ ಅದು. ಎಮ್ಮೆ ಮಾಳಿಗೆ ಹತ್ತುವುದಿಲ್ಲ ಎಂದು ಹೇಳುವಷ್ಟು ಸಹಜವಾಗಿ ಹೇಳುತ್ತಿದ್ದಳು. ವನದುರ್ಗದಿಂದ ಬಂದಾಗಲೆಲ್ಲ ನಮ್ಮ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತು, ಎಲೆ ಅಡಿಕೆ ಬಾಯಿಗಿಟ್ಟುಕೊಂಡು, ಒಳಗಿದ್ದ ನನಗೂ ಕೇಳಲಿ ಎಂದೇ ಅಪ್ಪನ ಜೊತೆ ಮಾತಾಡುತ್ತಿದ್ದಳು.

“ತಮ್ಮಾ, ಹುಡುಗಿ ಓದಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಡಿಗ್ರಿ ಗಿಗ್ರಿ ಅಂತ ಕನಸ ಕಾಣಬ್ಯಾಡ್ರಿ. ಎದ್ದ ಕೂಡ್ಲೆ ಸಗಣಿ ಬಳಿಯೂ ಮನಿ ಇದು. ಚಾದಾಗ ಹಾಕ್ಕೊಳಾಕ ಹಾಲಿಲ್ಲ ನಿಮಗ, ಡಿಗ್ರಿ ಎಲ್ಲಿಂದ ತರ್ತೀರಿ?”

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಅದನ್ನು ಸಣ್ಣ ದನಿಯಲ್ಲಿ ಹೇಳುವ ಅಭ್ಯಾಸ ನನಗಿಲ್ಲ. ಆದರೆ ಆ ವಯಸ್ಸಿನಲ್ಲಿ ಅತ್ತಿಯ ಮಾತು ಚುಚ್ಚಿದ್ದು ಡಿಗ್ರಿಯ ಕಾರಣಕ್ಕಲ್ಲ, ಚಾದ ಕಾರಣಕ್ಕೆ. ರಂಗಂಪೇಟೆಯ ನಮ್ಮ ಮನೆಯ ಬಾಗಿಲಲ್ಲೇ ಎಮ್ಮೆ ಇರುತ್ತಿತ್ತು. ಒಳಗೆ ಬರುವವರು ಅದರ ಬಾಲ ತಪ್ಪಿಸಿಯೇ ಬರಬೇಕು. ಅವ್ವ ಕತ್ತಲಿರುವಾಗಲೇ ಹಿಂಡಿ, ನೊರೆ ಆರುವ ಮುಂಚೆ ಕ್ಯಾನಿಗೆ ಸುರಿದು, ಸುರಪುರದ ಬಸ್ ಸ್ಟ್ಯಾಂಡಿನ ಹೋಟೆಲ್ಲಿಗೆ ಹೊತ್ತು ನಡೆಯುತ್ತಿದ್ದಳು. ಆ ಹಾಲಿನ ಒಂದು ಹನಿಯೂ ನಮ್ಮ ಚಾಕ್ಕೆ ಬೀಳುತ್ತಿರಲಿಲ್ಲ. ಅಪ್ಪ ಬೇರೆಯವರ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಮಳೆ ಬಿದ್ದಾಗ ಕೆಲಸ, ಇಲ್ಲದಾಗ ಇಲ್ಲ. ಹಾಗಾಗಿ ಒಲೆ ಹೊತ್ತುವುದು ಆ ಕ್ಯಾನಿನಿಂದಲೇ ಎಂದು ನನಗೂ ಗೊತ್ತಿತ್ತು. ಆದರೂ ಒಮ್ಮೆ ಹಟ ಹಿಡಿದು, ಒಂದು ಬಟ್ಟಲಾದರೂ ಇಟ್ಟುಕೊಂಡರೆ ಏನಾಗುತ್ತದೆ ಎಂದು ಕೇಳಿದ್ದೆ.

“ಒಂದು ಬಟ್ಲ ಇಟ್ಕೊಂಡ್ರ, ಅಷ್ಟ ನೀರು ಬೆರಸಿ ಸರಿ ಮಾಡೂಣು ಅನಸ್ತದ. ಆ ಆಸಿ ನನಗ ಬ್ಯಾಡ,” ಅಂದಿದ್ದಳು ಅವ್ವ.

ಈಗ ಈ ಮಾತು ನನಗೆ ಎಷ್ಟು ದೊಡ್ಡದಾಗಿ ಕೇಳುತ್ತದೆ! ಆಗ ಬರೀ ನಾಚಿಕೆ. ನಮ್ಮ ಕಡೆ ಸತ್ತ ಮನೆಯಲ್ಲಿ ದಿನದ ಕಾರ್ಯ ಮುಗಿಯುವ ತನಕ ಹಾಲು ಕಾಯಿಸುವುದಿಲ್ಲ. ಮಾತಾಡಿಸಲು ಬಂದವರಿಗೆ ಕರಿ ಚಾ ಕೊಡುತ್ತಾರೆ. ಹೈಸ್ಕೂಲಿನ ಗೆಳತಿಯೊಬ್ಬಳು ಒಂದು ಸಂಜೆ ನಮ್ಮ ಮನೆಗೆ ಬಂದವಳು, ಕಪ್ಪಿನಿಂದ ಚಾ ಸುರಿದುಕೊಂಡಿದ್ದ ನನ್ನ ಕೈಯ ಬಸಿಯನ್ನು ಬಗ್ಗಿ ನೋಡಿ, “ಅಯ್ಯ, ಬಾಗಲಾಗ ಎಮ್ಮಿ ಕಟ್ಟ್ಯಾರ, ಒಳಗ ಕರಿ ಚಾ ಕುಡಿಯಾಕತ್ತಾರ! ಯಾರರ ಸತ್ತಾರೇನ ನಿಮ್ಮನ್ಯಾಗ?” ಎಂದು ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು. ಮರುದಿನ ಕ್ಲಾಸಿನಲ್ಲಿ ಅದು ಎಲ್ಲರ ಬಾಯಲ್ಲಿತ್ತು. ಅವತ್ತಿನಿಂದ ಚಾದ ಹೊತ್ತಿಗೆ ನಾನು ಬಾಗಿಲು ಅರ್ಧ ಮುಚ್ಚುತ್ತಿದ್ದೆ. ಅವ್ವ ಯಾಕೆ ಎಂದು ಕೇಳಲಿಲ್ಲ. ಕೇಳದೇ ಇದ್ದದ್ದರಿಂದ ಗೊತ್ತಿತ್ತು ಎಂದೇ ಅರ್ಥ.

ಇಂಥ ಮನೆಗೆ ಒಳ್ಳೆಯ ಚಾ ಬಂದದ್ದು ಅವ್ವನ ತಮ್ಮನಿಂದ. ಅವನು ಫೌಜಿನಲ್ಲಿದ್ದ, ಅಸ್ಸಾಮಿನ ಕಡೆ. ರಜೆಗೆ ಬಂದಾಗ ಟ್ರಂಕಿನ ತಳದಿಂದ ಒಂದು ದಪ್ಪ ಪ್ಲಾಸ್ಟಿಕ್ ಚೀಲ ತೆಗೆದು ಅವ್ವನ ಮಡಿಲಿಗೆ ಹಾಕಿದ. ನಾವು ಕಂಡ ಚಾ ಪುಡಿ ಸಾಸಿವೆಯಂತೆ ಸಣ್ಣ ಕಾಳು. ಇದು ಉದ್ದುದ್ದ, ಸುರುಳಿ ಸುತ್ತಿದ ಕಪ್ಪು ಎಲೆ. ನಡುನಡುವೆ ಬಂಗಾರದ ಬಣ್ಣದ ತುದಿಗಳು. ಅವ್ವ ಮೂಸಿ ನೋಡಿ, ಇದು ತಲೆಗೆ ಹಚ್ಚುವ ಔಷಧವೋ ಕುಡಿಯುವುದೋ ಎಂದು ಕೇಳಿದಳು. ಕೊನೆಗೆ ತನಗೆ ತಿಳಿದ ಹಾಗೆ ಬೆಲ್ಲ ಹಾಕಿ, ಅರ್ಧ ಬತ್ತುವ ತನಕ ಕುದಿಸಿದಳು. ಬೇವಿನ ಕಷಾಯ! ಫೌಜಿ ಮಾವ ಒಂದು ಗುಟುಕಿಗೆ ಮುಖ ಕಿವುಚಿದ.

“ಯಕ್ಕಾ, ಇದನ್ನ ಕುದಿಸಿ ಕೊಂದಿ. ನೀರು ಕುದ್ದ ಮ್ಯಾಲ ಇಳಿಸಬೇಕು. ಎಲಿ ಹಾಕಿ ಮುಚ್ಚಬೇಕು, ಜರಾ ಹೊತ್ತು ಬಿಡಬೇಕು. ಬೆಲ್ಲ ಬ್ಯಾಡ, ಹಾಲು ಬ್ಯಾಡ, ಏನೂ ಬ್ಯಾಡ.”

“ಒಲಿ ಮ್ಯಾಲ ಇಡದ ಚಾ ಆಗತದೇನೋ? ನಿಮ್ಮ ಮಿಲಿಟ್ರಿಯಾಗ ಎಲ್ಲಾ ತಲಿಕೆಳಗ.”

ಅವನೇ ಮಾಡಿ ಕೊಟ್ಟ. ಮುಚ್ಚಳ ತೆಗೆದಾಗ ಬಂದ ಘಮ ಈಗಲೂ ನನ್ನ ಮೂಗಿನಲ್ಲಿದೆ. ಮೊಳಕೆ ಕಟ್ಟಿದ ಜೋಳವನ್ನು ನೆರಳಲ್ಲಿ ಒಣಗಿಸಿ ಹಂಚಿನ ಮೇಲೆ ಹುರಿದಾಗ ಬರುತ್ತದಲ್ಲ, ಅದೇ ವಾಸನೆ. ಹಿಂದೆಯೇ ಹೊಸ ಬೆಲ್ಲದ ಕೊಪ್ಪರಿಗೆಯ ಹತ್ತಿರ ಹಾದು ಹೋದಂಥ ಒಂದು ಸಣ್ಣ ಸೆಳಕು. ಬಣ್ಣ ಕಪ್ಪಲ್ಲ, ಬಿಸಿಲಿಗೆ ಹಿಡಿದರೆ ಹುಣಸೆ ಬೀಜದ ಕೆಂಪು. ಕಹಿ ಬರುತ್ತದೆಂದು ಕಾದೆ, ಬರಲಿಲ್ಲ. ನಾಲಿಗೆಯನ್ನು ಹಿಡಿಯಲಿಲ್ಲ, ಗಂಟಲಿಗೆ ತೊಡರಲಿಲ್ಲ. ಎಣ್ಣೆ ಹಚ್ಚಿದ ಹಾಗೆ ನುಣ್ಣಗೆ ಇಳಿಯಿತು. ಇಳಿದ ಮೇಲೆ ಬಾಯಲ್ಲಿ ಸಿಹಿ ಉಳಿಯಿತು. ಸಕ್ಕರೆ ಹಾಕದ ಸಿಹಿ. ಅವ್ವ ಮೊದಲ ಗುಟುಕು ಕುಡಿದು ಇನ್ನೊಮ್ಮೆ ಮೂಸಿದಳು. ಎರಡನೆಯ ಗುಟುಕಿಗೆ ಗೋಡೆಗೆ ಒರಗಿದಳು. ಅವ್ವ ಗೋಡೆಗೆ ಒರಗಿ ಕೂತದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

ಆಮೇಲೆ ಅದು ನಮ್ಮಿಬ್ಬರ ಗುಟ್ಟಾಯಿತು. ಮಧ್ಯಾಹ್ನ ಕ್ಯಾನು ತೊಳೆದು ಬೋರಲು ಹಾಕಿ, ಅಪ್ಪ ಹೊಲದ ಕಡೆ ಇದ್ದಾಗ, ನಾವು ಅಡಿಗೆಮನೆಯ ಬೆಳಕಿಂಡಿಯ ಕೆಳಗೆ ಕೂರುತ್ತಿದ್ದೆವು. ಒಂದು ಚಿಟಿಕೆ ಎಲೆ, ಎರಡು ಕಪ್ಪು. ಅವ್ವ ಅವಸರ ಮಾಡುತ್ತಿರಲಿಲ್ಲ; ಬಸಿಗೂ ಸುರಿಯುತ್ತಿರಲಿಲ್ಲ, ಕಪ್ಪನ್ನು ಎರಡೂ ಅಂಗೈಯಲ್ಲಿ ಹಿಡಿದು ಮೊದಲು ಹಬೆ ತೆಗೆದುಕೊಳ್ಳುತ್ತಿದ್ದಳು. ಹೊರಗೆ ಯಾರದಾದರೂ ಕಾಲ ಸಪ್ಪಳ ಕೇಳಿದರೆ ಇಬ್ಬರೂ ಕಪ್ಪನ್ನು ಅವ್ವನ ಸೆರಗಿನ ಮರೆಗೆ ಸರಿಸುತ್ತಿದ್ದೆವು. ಕರಿ ಚಾ ಕುಡಿಯುವುದು ಕಂಡೀತು ಎಂದು ನನಗೆ ನಾಚಿಕೆ. ಹೆಂಗಸು ಹಗಲು ಹೊತ್ತು ಸುಮ್ಮನೆ ಕೂತು ಸುಖಪಡುವುದು ಕಂಡೀತು ಎಂದು ಅವಳಿಗೆ. ಇಬ್ಬರ ನಾಚಿಕೆಯೂ ಬೇರೆ, ಸೆರಗು ಒಂದೇ. ಆ ಅಭ್ಯಾಸ ನನ್ನನ್ನು ಇನ್ನೂ ಬಿಟ್ಟಿಲ್ಲ. ಈಗ ನಾನು ಕಲಿಸುವ ಯಾದಗಿರಿಯ ಶಾಲೆಯಲ್ಲಿ ಸ್ಟಾಫ್ ರೂಮಿಗೆ ಚಾ ಬಂದಾಗ ನಾನು ಹಾಲು ಬೇಡ, ಸಕ್ಕರೆ ಬೇಡ ಅನ್ನುತ್ತೇನೆ. “ಶುಗರ್ ಏನ್ರಿ ಮೇಡಂ?” ಎಂದು ಕೇಳುತ್ತಾರೆ. ಹೌದ್ರಿ ಅಂದುಬಿಡುತ್ತೇನೆ. ಇಲ್ಲದ ರೋಗ ಒಪ್ಪಿಕೊಳ್ಳುವುದು ಸುಲಭ. ನನಗೆ ಕರಿ ಚಾ ಇಷ್ಟ ಎನ್ನುವುದು ಇವತ್ತಿಗೂ ಬಾಯಿಗೆ ಬರುವುದಿಲ್ಲ.

ನಾನು ಪಿಯುಸಿ ಪಾಸಾದ ವಾರವೇ ಗುರಮ್ಮತ್ತಿ ಬಂದಳು. ಜೊತೆಗೆ ಅವಳ ಗಂಡ ಸಾಬಣ್ಣ ಮಾಮ, ಕೈಚೀಲದಲ್ಲಿ ತೆಂಗಿನಕಾಯಿ, ಖಣ, ಸಕ್ಕರೆಯ ಪೊಟ್ಟಣ. ಮಗ ಹಣಮಂತನಿಗೆ ನನ್ನನ್ನು ಕೇಳಲು ಬಂದಿದ್ದರು. ಕೇಳುವುದೇನು, ಸೋದರತ್ತೆಯ ಮಗನಿಗೆ ನಾನು ಎಂದು ಹುಟ್ಟಿದಾಗಲೇ ಆಡಿಕೊಂಡ ಮಾತು. ಹಣಮಂತ ಕೆಟ್ಟವನಲ್ಲ, ಒಳ್ಳೆಯ ಹುಡುಗ. ಆದರೆ ನಾನು ಓದಬೇಕಿತ್ತು. ಅದನ್ನು ಅಪ್ಪನಿಗೆ ಹೇಳಿದ್ದೆ. “ಅಕ್ಕನ ಮಾತು ಹ್ಯಾಂಗ ತಗದು ಹಾಕಲಿ?” ಅಂದಿದ್ದ. ಅಜ್ಜಿ ತೀರಿಕೊಂಡಾಗ ಅಪ್ಪ ಇನ್ನೂ ಅಂಬೆಗಾಲಿಡುತ್ತಿದ್ದನಂತೆ. ಅವನನ್ನು ಬಗಲಲ್ಲಿ ಹೊತ್ತು, ಬಾಯಲ್ಲಿ ಅಗಿದು ರೊಟ್ಟಿ ತಿನಿಸಿ ಬೆಳೆಸಿದವಳು ಅತ್ತಿ. ಅವಳ ಎದುರು ಅಪ್ಪ ಯಾವತ್ತೂ ಮಂಚದ ಮೇಲೆ ಕೂತವನಲ್ಲ.

ನಮ್ಮ ಬಳಗದಲ್ಲಿ ಒಂದು ರೂಢಿ ಇದೆ. ಹೆಣ್ಣು ಕೇಳಲು ಬಂದವರಿಗೆ ಮೊದಲು ಬರೀ ನೀರು. ಗಂಡಸರ ಮಾತು ಮುಗಿದ ಮೇಲೆ ಒಳಗಿನಿಂದ ಹಾಲು ಸಕ್ಕರೆ ಹಾಕಿದ ಚಾ ಬರಬೇಕು. ಬಂತೆಂದರೆ ಒಳಗಿನ ಹೆಂಗಸರೂ ಒಪ್ಪಿದರು ಎಂದು ಅರ್ಥ. ಅದನ್ನು ಕುಡಿದ ಮೇಲೆಯೇ ತಂದ ಸಕ್ಕರೆ ಬಿಚ್ಚಿ ಹಂಚುತ್ತಾರೆ, ಮಾತು ಗಟ್ಟಿಯಾಗುತ್ತದೆ. ಹೆಣ್ಣಿನ ತಾಯಿಯನ್ನು ಬಾಯಿಬಿಟ್ಟು ಯಾರೂ ಕೇಳುವುದಿಲ್ಲ, ಚಾ ಕೇಳಿದರೆ ಆಯಿತು. ಸಿಹಿ ಚಾ ಬರದೇ ಹೋದದ್ದನ್ನು ನಮ್ಮವರು ಯಾರೂ ಕಂಡಿರಲಿಲ್ಲ. ನನಗಂತೂ ಈ ರೂಢಿಯ ಗುರುತೇ ಇರಲಿಲ್ಲ. ನಮ್ಮ ಮನೆಯಲ್ಲಿ ಹೆಣ್ಣು ಕೇಳುವ ಮಾತು ಅವತ್ತೇ ಮೊದಲು. ಅಪ್ಪ ಬೆಳಿಗ್ಗೆಯೇ ಹೋಟೆಲ್ಲಿಗೆ ಹಾಲು ಒಯ್ಯಬೇಡ ಎಂದು ಅವ್ವನಿಗೆ ಹೇಳಿದ್ದ. ಅವ್ವ ಹೂಂ ಅಂದಿದ್ದಳು. ಕಾಸಿದ ಹಾಲು ಬೋಗುಣಿ ತುಂಬ ಇತ್ತು, ಮೇಲೆ ಬೆರಳಷ್ಟು ದಪ್ಪ ಕೆನೆ.

ಪಡಸಾಲೆಯಿಂದ ಅಪ್ಪ, “ಚಾ ತರ್ರಿ” ಎಂದು ಕೂಗಿದ. ನಾನು ಹೊಸ ಸೀರೆಯಲ್ಲಿ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದೆ. ಅವ್ವ ಕುದ್ದ ನೀರು ಇಳಿಸಿದಳು. ಡಬ್ಬಿಯಿಂದ ಫೌಜಿ ಮಾವನ ಎಲೆ ತೆಗೆದು ಹಾಕಿ ಮುಚ್ಚಿದಳು. ಕಾದಳು. ಸೋಸಿ ಕಪ್ಪುಗಳಿಗೆ ಸುರಿದು ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು.

“ಯವ್ವಾ, ಹಾಲು? ಸಕ್ಕರಿ?”

“ಇದನ್ನ ಒಯ್ಯಿ.”

“ಎಲ್ಲಾರ ಮುಂದ ಕರಿ ಚಾ ಹ್ಯಾಂಗ ಒಯ್ಯಲಿ? ಬೋಗಾಣಿ ತುಂಬ ಹಾಲದ! ಇವತ್ತರ...”

“ಆರತದ, ನಡಿ.”

ಬಂದ ಬೀಗರಿಗೂ ಹಾಲು ಹಾಕದೆ ಉಳಿಸಿ ಹೋಟೆಲ್ಲಿಗೆ ಕೊಡುತ್ತಾಳಲ್ಲ ಎಂದುಕೊಂಡೆ. ಗೆಳತಿಯ ನಗು, ಕ್ಲಾಸಿನ ನಗು ಎಲ್ಲ ಒಟ್ಟಿಗೆ ಕಿವಿಗೆ ಬಂತು. ತಲೆ ಎತ್ತದೆ ಹೋಗಿ ತಟ್ಟೆ ಮುಂದಿಟ್ಟೆ. ಅತ್ತಿ ಕಪ್ಪಿನೊಳಗೆ ನೋಡಿದಳು. ಒಂದು ಗುಟುಕು ಕುಡಿದು ನೋಡಿದಳು. ಅವಳ ಮುಖದಿಂದ ರಕ್ತ ಇಳಿದದ್ದನ್ನು ನಾನು ಕಂಡೆ. ಬಡವರ ಚಾ ಕಂಡವರ ಮುಖ ಹಾಗೆ ಆಗುವುದಿಲ್ಲ ಎಂದು ಆಗ ಅನಿಸಿತು. ಅಪ್ಪ ತನ್ನ ಕಪ್ಪನ್ನು ಮುಟ್ಟಲೇ ಇಲ್ಲ. ಏನೂ ಗಮನಿಸದವನೆಂದರೆ ಸಾಬಣ್ಣ ಮಾಮ ಒಬ್ಬನೇ. ಬಸಿಗೆ ಸುರಿದು ಸೊರ್ ಎಂದು ಎಳೆದು, ಕಣ್ಣು ಮುಚ್ಚಿದ.

“ಏ ತಂಗೀ, ಏನ್ ಪಸಂದ್ ಮಾಡ್ಯಾರ ಚಾ! ಕರಿ ಅದ ಖರೆ, ಗಂಟಲದಾಗ ಬೆಣ್ಣಿ ಇಳದಂಗ ಇಳಿಯಾಕತ್ತದ. ಇನ್ನೊಂದು ಕಪ್ ಸಿಗತದೇನವ್ವ?”

“ಇಡ್ರಿ ಕೆಳಗ!” ಅತ್ತಿ ಚೀರಿದಳು. “ಸತ್ತ ಮನಿ ಚಾ ಕುಡಿಯಾಕತ್ತೀರಿ, ಮ್ಯಾಲ ಇನ್ನೊಂದು ಕಪ್ಪಂತ! ಹೆಣ್ಣ ಕೊಡಂಗಿಲ್ಲ ಅಂತ ಮಾರಿಗಿ ಒಗದಾರ, ನಿಮಗ ರುಚಿ ಹತ್ತ್ಯಾದ!”

ಮಾಮ ಬಸಿ ಹಿಡಿದುಕೊಂಡೇ ಒಮ್ಮೆ ಹೆಂಡತಿಯನ್ನು, ಒಮ್ಮೆ ಅಡಿಗೆಮನೆಯ ಬಾಗಿಲನ್ನು ನೋಡಿದ. ಉಳಿದದ್ದನ್ನು ಗಬಕ್ಕನೆ ಕುಡಿದೇ ಕೆಳಗಿಟ್ಟ. ಅತ್ತಿ ಸಕ್ಕರೆಯ ಪೊಟ್ಟಣವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಎದ್ದಳು. ಅಪ್ಪ ಅವಳ ಕಾಲ ಬಳಿ ಕೂತು, “ಅಕ್ಕಾ, ಅಕಿಗಿ ಬುದ್ಧಿ ಇಲ್ಲ, ನನ್ನ ಮಾರಿ ನೋಡಿ ಕುಂದ್ರು” ಅಂದ. ಅತ್ತಿ ಅವನ ತಲೆಯ ಮೇಲೆ ಕೈ ಇಟ್ಟಳು. ತೆಗೆದಳು.

“ಪಂಚಮಿಗಿ ನನ್ನ ಕರಿಯಾಕ ಬರಬ್ಯಾಡ ತಮ್ಮಾ. ನನಗ ತವರು ಮುಗೀತು.”

ಅವರು ಹೋದ ಮೇಲೆ ಜಗಳ ಆಗುತ್ತದೆಂದು ನಾನು ಒಳಗೆ ಮುದುಡಿ ಕೂತಿದ್ದೆ. ಅಪ್ಪ ದನಿ ಏರಿಸಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು, “ನನ್ನ ಇಜ್ಜತ್ ತಗದಿ. ಒಲ್ಲೆ ಅಂತ ಬಾಯಿಲೆ ಒಂದು ಮಾತು ನನಗ ಹೇಳಾಕ ಬರತಿದ್ದಿಲ್ಲೇನು?” ಎಂದು ಕೇಳಿದ. ಅವ್ವ ಬೋಗುಣಿಯ ಹಾಲನ್ನು ಕ್ಯಾನಿಗೆ ಸುರಿಯುತ್ತಿದ್ದಳು.

“ಒಲ್ಲೆ ಅನ್ನಾಕ ನನಗ ಯಾರು ಬಾಯಿ ಕೊಟ್ಟಾರ್ರೀ? ಕೈಯಾಗ ಚಾ ಕೊಟ್ಟಿದ್ರಿ. ಅದರಾಗ ಅಂದೆ.”

ನನಗೆ ತಿಳಿದದ್ದು ಆಗ. ಅವ್ವ ನನ್ನನ್ನು ಉಳಿಸುತ್ತಿದ್ದಳು. ನಾನು ಹಾಲಿನ ಲೆಕ್ಕ ಹಾಕಿ ನಾಚುತ್ತಿದ್ದೆ.

ನಾನು ಸುರಪುರದ ಕಾಲೇಜಿಗೆ ಸೇರಿದೆ. ಅಪ್ಪ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಆ ವರ್ಷ ಪಂಚಮಿ ಬಂತು. ನಮ್ಮಲ್ಲಿ ಪಂಚಮಿಯೆಂದರೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ; ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ಓಣಿಯ ಬೇವಿನ ಮರಕ್ಕೆ ಜೋಕಾಲಿ ಬಿತ್ತು, ಮನೆಮನೆಗೆ ಅಕ್ಕತಂಗಿಯರು ಬಂದರು. ಅಪ್ಪ ಶೇಂಗಾ ಉಂಡಿ, ಎಳ್ಳುಂಡಿ ಡಬ್ಬಿಗೆ ತುಂಬಿಸಿಕೊಂಡು, ಶಹಾಪುರದ ಕಡೆ ಟ್ರ್ಯಾಕ್ಟರಿನ ಕೆಲಸವಿದೆ ಎಂದು ಹೋದ. ಕತ್ತಲಾದ ಮೇಲೆ ಬಂದ. ಡಬ್ಬಿ ಹೋದ ಹಾಗೇ ವಾಪಸು ಬಂದಿತ್ತು. “ಬಸ್ ಕೆಟ್ಟಿತ್ತು” ಅಂದ. ಅವತ್ತು ವನದುರ್ಗದಲ್ಲೇ ಇದ್ದು ಅದೇ ಬಸ್ಸಿನಲ್ಲಿ ಬಂದಿದ್ದ ಓಣಿಯವರೊಬ್ಬರು ಮರುದಿನ ಅವ್ವನ ಹತ್ತಿರ ಹೇಳಿದರು. ವನದುರ್ಗದ ಊರಬಾಗಿಲಲ್ಲಿ, ಅಗಸೆಯ ಕಟ್ಟೆಯ ಮೇಲೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹೊತ್ತಿಳಿಯುವ ತನಕ ಕೂತಿದ್ದನಂತೆ, ಊರೊಳಗೆ ಹೋಗಲಿಲ್ಲವಂತೆ. ಅವ್ವ ಆ ಉಂಡಿಗಳನ್ನು ನಮ್ಮ ತಟ್ಟೆಗೆ ಹಾಕಿದಳು. ಮೂವರೂ ತಟ್ಟೆ ನೋಡುತ್ತ ಕೂತೆವು. ಮುಂದಿನ ವರ್ಷವೂ ಹೀಗೆಯೇ.

ಇಷ್ಟೆಲ್ಲ ಆಗಿ ನಾನು ಮೊದಲ ವರ್ಷ ಇಂಗ್ಲಿಷಿನಲ್ಲಿ ಫೇಲಾದೆ. ಬೋರ್ಡಿನಲ್ಲಿ ನಂಬರು ನೋಡಿ ಮನೆಗೆ ಬಂದಾಗ ಎದುರಿಗೆ ಕಂಡದ್ದು ಅಪ್ಪ, ಎಮ್ಮೆಯ ಮೈ ತಿಕ್ಕುತ್ತಿದ್ದ. ಅವನಿಗೆ ಹೇಳಲು ಆಗಲಿಲ್ಲ. ಒಬ್ಬ ಮನುಷ್ಯ ತಾಯಿಯಂಥ ಅಕ್ಕನನ್ನು ಕಳೆದುಕೊಂಡಿದ್ದಾನೆ, ನಾನು ಅದರ ಬದಲಿಗೆ ಒಂದು ಇಂಗ್ಲಿಷ್ ಪೇಪರ್ ಕೂಡ ಪಾಸು ಮಾಡಲಿಲ್ಲ. ಅಡಿಗೆಮನೆಯ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿ ಕೂತೆ. ಅವ್ವ ಎಲ್ಲ ಕೇಳಿಸಿಕೊಂಡು, ಫೌಜಿ ಮಾವನ ಡಬ್ಬಿ ತೆಗೆದಳು. ತಳದಲ್ಲಿ ಪುಡಿಯಷ್ಟೇ ಉಳಿದಿತ್ತು, ಕೊಡವಿ ಹಾಕಿದಳು. ನನಗೆ ಆ ಹೊತ್ತಿನಲ್ಲೂ ಅದು ರುಚಿಯಾಗಿತ್ತು. ಅಳುತ್ತ ಕುಡಿದೆ, ಕುಡಿಯುತ್ತ ನಾಚಿದೆ: ಇಷ್ಟು ದುಃಖದಲ್ಲೂ ನಾಲಿಗೆಗೆ ಹೇಗೆ ಸುಖ ತಿಳಿಯುತ್ತದೆ? ನುಣುಪು ಹಾಗೇ ಇತ್ತು, ಹುರಿದ ಜೋಳದ ಘಮ ಹಾಗೇ ಇತ್ತು.

“ಫೇಲ್ ಆದಿ ಅಂತ ನಿಮ್ಮಪ್ಪಗ ನಾ ಹೇಳಂಗಿಲ್ಲ, ನೀನ ಹೇಳು,” ಅಂದಳು ಅವ್ವ. “ಅಂವ ಬೈದ್ರ ಬೈಸ್ಕೊ. ಬೈಲಿಲ್ಲಂದ್ರ ಅದನ್ನೂ ತಡ್ಕೊ.”

ಅಪ್ಪ ಬೈಯಲಿಲ್ಲ. ಎಮ್ಮೆಯ ಮೈ ತಿಕ್ಕುವುದನ್ನು ನಿಲ್ಲಿಸದೆ, “ಮತ್ತ ಕಟ್ಟಾಕ ಬರತದೇನು ಪರೀಕ್ಷಾ?” ಎಂದು ಕೇಳಿದ. ಬರುತ್ತದೆ ಅಂದೆ. “ಹಂಗಾರ ಕಟ್ಟು” ಅಂದ. ಅದನ್ನು ತಡೆದುಕೊಳ್ಳುವುದು ಅವ್ವ ಹೇಳಿದ್ದಕ್ಕಿಂತ ಕಷ್ಟವಾಗಿತ್ತು. ಮುಂದೆ ನಾನು ಓದಿದ್ದು ಹುಮ್ಮಸ್ಸಿನಿಂದಲ್ಲ, ಅಂಜಿಕೆಯಿಂದ. ಪ್ರತಿ ಪೇಪರೂ ಆ ಅಗಸೆಯ ಕಟ್ಟೆಯಲ್ಲಿ ಕೂತ ಮನುಷ್ಯನಿಗೆ ಕೊಡಬೇಕಾದ ಉತ್ತರ ಎಂಬಂತೆ. ಇಂಗ್ಲಿಷ್ ಪಾಸಾಯಿತು. ಉಳಿದವೂ ಆದವು. ಹೆಮ್ಮೆ ನನಗೆ ಬಂದದ್ದು ಬಹಳ ತಡವಾಗಿ, ಸಂಬಳದ ಕೆಲಸ ಸಿಕ್ಕ ಮೇಲೆ.

ಸರ್ಟಿಫಿಕೇಟ್ ಬಂದಿದೆ ಎಂದು ಕಾಲೇಜಿನಿಂದ ಹೇಳಿ ಕಳಿಸಿದ ದಿನ ಅಪ್ಪನೂ ನನ್ನ ಜೊತೆ ಬಂದ. ಆಫೀಸಿನ ಒಳಗೆ ಬರಲಿಲ್ಲ, ಚಪ್ಪಲಿ ಕೈಯಲ್ಲಿ ಹಿಡಿದು ಗೇಟಿನ ಹತ್ತಿರ ನಿಂತ. ಕ್ಲಾರ್ಕು ಸಹಿ ಮಾಡಿಸಿಕೊಂಡು, “ನಿಮ್ಮನ್ಯಾಗ ಇದ ಮೊದಲೇನವ್ವ?” ಎಂದು ನಕ್ಕು ಕೊಟ್ಟರು. ಹೊರಗೆ ಬಂದು ಅದನ್ನು ಅಪ್ಪನ ಕೈಗಿಟ್ಟೆ. ಅಪ್ಪ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು, ಅಂಚುಗಳನ್ನಷ್ಟೇ ಹಿಡಿದು, ಓದಲು ಬಾರದ ಅಕ್ಷರಗಳನ್ನು ಮೇಲಿಂದ ಕೆಳಗೆ ಬಹಳ ಹೊತ್ತು ನೋಡಿದ. ಆಮೇಲೆ ಮಡಚದೆ ನನಗೆ ವಾಪಸು ಕೊಟ್ಟು, ಬಸ್ ಸ್ಟ್ಯಾಂಡಿನ ಕಡೆ ಮುಖ ಮಾಡಿದ.

“ನಡಿ, ವನದುರ್ಗಕ್ಕ ಹೋಗಮು. ನೀ ಒಳಗ ಹೋಗಿ ಅಕ್ಕನ ಕೈಯಾಗ ಇದನ್ನ ಕೊಡು. ನಾ ಅಗಸ್ಯಾಗ ಕುಂತಿರ್ತೀನಿ. ಅಕಿ ನನ್ನ ಕೇಳಿದ್ರ ಕೂಗು. ಕೇಳಲಿಲ್ಲಂದ್ರ, ನಾ ಬಂದೀನಂತ ಹೇಳಬ್ಯಾಡ.”